ಮಷೀನ್ ಮಾಮನ ಎರಡು ನಿಮಿಷ

ಹೊಲಿಗೆ ಮಷೀನು ರಿಪೇರಿ ಮಾಡುವವನು ಮಿತಭಾಷಿಯಾಗಿರಬೇಕಾದದ್ದು ನ್ಯಾಯ. ಕೆಲಸದ ಹೊತ್ತಿನಲ್ಲಿ ಬಾಯಿಯಲ್ಲಿ ಮೂರೋ ನಾಲ್ಕೋ ಸ್ಕ್ರೂ ಇರುತ್ತವೆ. ಬಾಯಿ ಬಿಟ್ಟರೆ ಒಂದು ನೆಲಕ್ಕೆ, ಒಂದು ಹೊಟ್ಟೆಗೆ. ಆದರೆ ಮಷೀನ್ ಮಾಮ ಸ್ಕ್ರೂಗಳನ್ನೆಲ್ಲ ಎಡಗೆನ್ನೆಗೆ ತಳ್ಳಿ ಬಲಗೆನ್ನೆಯಿಂದ ಮಾತಾಡುವ ವಿದ್ಯೆಯನ್ನು ಮೂವತ್ತು ವರ್ಷದ ಸಾಧನೆಯಿಂದ ಕೈವಶ ಮಾಡಿಕೊಂಡಿದ್ದ. ಆ ವಿದ್ಯೆಯೇ ಅವನನ್ನು ಸಿಕ್ಕಿಸಿಹಾಕಿತು.

ಮಾಮ ಹೋಗುತ್ತಿದ್ದ ಚರ್ಚಿನಲ್ಲಿ ಒಟ್ಟು ನಲವತ್ತೆರಡು ಜನ. ಅದರಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ದೊಡ್ಡ ಟೀಚರ್. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ನಿವೃತ್ತಿಯಾದದ್ದು ಶಾಲೆಯಿಂದ, ಗದರುವುದರಿಂದ ಅಲ್ಲ. ದೇಶದ ಚರ್ಚುಗಳೆಲ್ಲ ಸೇರುವ ಮಹಾಸಮ್ಮೇಳನಕ್ಕೆ ಇಪ್ಪತ್ತೆರಡು ವರ್ಷದಿಂದ ಪ್ರತಿನಿಧಿಯಾಗಿ ಹೋಗುತ್ತಿದ್ದವರೂ ಅವರೇ. ಈ ವರ್ಷ ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದಿದ್ದರು. ಇದೇ ವರ್ಷ ಸಮ್ಮೇಳನದ ಮುಂದೆ ಹತ್ತೊಂಬತ್ತನೇ ನಿರ್ಣಯ ಬಂದಿತ್ತು. ಸಭಾಪಾಲಕರು, ಎಂದರೆ ಪಾದ್ರಿಗಳು, ಸಾಲುತ್ತಿಲ್ಲವಾದ್ದರಿಂದ, ಅರವತ್ತಕ್ಕಿಂತ ಕಡಿಮೆ ಜನ ಇರುವ ಚರ್ಚುಗಳನ್ನು ಮುಚ್ಚಿ ಹತ್ತಿರದ ದೊಡ್ಡ ಚರ್ಚಿಗೆ ಸೇರಿಸತಕ್ಕದ್ದು. ಇವರಿಗೆ ಹತ್ತಿರದ ದೊಡ್ಡ ಚರ್ಚೆಂದರೆ ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ದೂರ.

"ಯಾರಾದರೂ ಹೋಗಿ ನಮ್ಮ ಪರವಾಗಿ ಎರಡು ನಿಮಿಷ ಮಾತಾಡಬೇಕು. ಯಾರು ಹೋಗ್ತೀರಿ?" ಎಂದು ಭಾನುವಾರದ ಆರಾಧನೆ ಮುಗಿದ ಮೇಲೆ ಸಭಾಪಾಲಕರು ಕೇಳಿದರು.

ನಲವತ್ತು ಜನ ತಮ್ಮ ತಮ್ಮ ಚಪ್ಪಲಿಗಳನ್ನು ಹೊಸದಾಗಿ ಕೊಂಡವರಂತೆ ನೋಡತೊಡಗಿದರು. ಮಾಮ ಪಕ್ಕದಲ್ಲಿದ್ದ ಪೋಸ್ಟ್‌ಮ್ಯಾನ್ ಕಿವಿಯಲ್ಲಿ, "ಅದೇನು ಮಹಾ? ಎದ್ದು ನಿಂತು ನಾಲ್ಕು ಮಾತು ಹೇಳಿ ಕೂತ್ಕೊಳ್ಳೋದು ತಾನೆ?" ಎಂದ. ಕಿವಿಯಲ್ಲಿ ಎಂದು ಅವನ ನಂಬಿಕೆ. ಮಷೀನುಗಳ ಕಟಕಟದ ನಡುವೆ ಬೆಳೆದ ಗಂಟಲು ಅದು. ಅದರ ಪಿಸುಮಾತು ಕೊನೆಯ ಸಾಲಿನವರಿಗೂ ಸ್ಪಷ್ಟವಾಗಿ ಕೇಳಿಸಿತು.

ಎಲ್ಲರೂ ತಿರುಗಿದರು. ನೀರಲ್ಲಿ ಮುಳುಗುತ್ತಿದ್ದವರಿಗೆ ದೋಣಿ ಕಂಡಾಗ ಮುಖ ಹೇಗಿರುತ್ತದೋ ಹಾಗಿತ್ತು ನಲವತ್ತು ಮುಖಗಳೂ.

"ದೇವರೇ ಆಡಿಸಿದ ಮಾತು," ಎಂದರು ಸಭಾಪಾಲಕರು, ಪುಸ್ತಕ ಮುಚ್ಚುತ್ತ.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ, "ರೀ, ನಿಮಗೆ ಹಲ್ಲುನೋವು ಅಂತ ಹೇಳಿಬಿಡ್ಲಾ?" ಎಂದಳು.

"ಆಡಿದ ಮೇಲೆ ಆಯ್ತು. ಹೋಗೇ ಹೋಗ್ತೀನಿ. ಮಾತಾಡೇ ಮಾತಾಡ್ತೀನಿ," ಎಂದ ಮಾಮ. ಅವನ ಹಟ ಊರಿಗೇ ಗೊತ್ತು. ಕಂಪನಿಯವರೇ ಗುಜರಿಗೆ ಹಾಕಿ ಎಂದ ಮಷೀನನ್ನು ಹನ್ನೊಂದು ತಿಂಗಳು ಬಿಚ್ಚಿ ಜೋಡಿಸಿ ಹೊಲಿಸಿದವನು.

ಅಂದಿನಿಂದ ಪ್ರತಿ ಸಂಜೆ ಟೀಚರ್ ಮಂಚದ ಪಕ್ಕ ತಾಲೀಮು. ಭಾಷಣ ಅವರೇ ಬರೆದಿದ್ದರು. "ಮಾನ್ಯ ಅಧ್ಯಕ್ಷರೇ, ಅಲ್ಪ ಸಂಖ್ಯೆಯೆಂಬುದು ಅಲ್ಪತನವಲ್ಲ" ಎಂದು ಶುರುವಾಗಿ ಹನ್ನೊಂದು ವಾಕ್ಯ. ಮೊದಲ ದಿನ ಮಾಮ ಅದಕ್ಕೆ ಐದೂವರೆ ನಿಮಿಷ ತೆಗೆದುಕೊಂಡ.

"ವಾಕ್ಯಕ್ಕೆ ಮೂರು ಸಲ 'ಅಂದ್ರೆ' ಅಂತ ಯಾಕೋ ಹೇಳ್ತೀಯ?" ಎಂದು ಟೀಚರ್ ಗಡಿಯಾರ ತೋರಿಸಿದರು.

"ಅಂದ್ರೆ... ಅರ್ಥ ಆಗ್ಲಿ ಅಂತ ಟೀಚರ್."

"ನಿನಗೆ ಅರ್ಥ ಆದ್ರೆ ಸಾಕು. ಮತ್ತೆ ಶುರು ಮಾಡು."

ಹೊರಡುವ ಹೊತ್ತಿಗೆ ಮಾಮ ಒಂದು ನಿಮಿಷ ಐವತ್ತೈದು ಸೆಕೆಂಡಿಗೆ ಇಳಿದಿದ್ದ.

ಸಮ್ಮೇಳನ ನಡೆಯುವ ಜಾಗ ವಿಮಾನ ನಿಲ್ಲಿಸುವ ಶೆಡ್ಡಿನಷ್ಟು ದೊಡ್ಡದು. ಸಾವಿರದ ಇನ್ನೂರು ಕುರ್ಚಿ. ಬಾಗಿಲಲ್ಲಿ ಹೆಸರು ನೋಂದಾಯಿಸುವ ಮೇಜು, ಅದರ ಹಿಂದೆ ಕಂಪ್ಯೂಟರ್ ಇಟ್ಟುಕೊಂಡು ಕೂತ ಹುಡುಗಿ. ಮಾಮನ ಮುಂದಿದ್ದ ದಪ್ಪನೆಯ ಗೃಹಸ್ಥರನ್ನು ಅವಳು, "ಮೊದಲ ಸಲನಾ ಸರ್?" ಎಂದು ಕೇಳಿದಳು. ಅವರು ಹೌದೆಂದದ್ದೇ ತಡ, ಎದೆಗೊಂದು ಹಳದಿ ರಿಬ್ಬನ್ ಚುಚ್ಚಿ, "ಹೊಸಬರಿಗೆ ಆ ಕಡೆ ಮೂರು ಗಂಟೆ ಕ್ಲಾಸಿದೆ. ಬಾತ್‌ರೂಮಿಗೆ ಹೋಗೋದಿದ್ರೆ ಈಗಲೇ ಹೋಗಿಬನ್ನಿ," ಎಂದಳು. ಗೃಹಸ್ಥರು ಬೆನ್ನು ಬಗ್ಗಿಸಿಕೊಂಡು ಆ ಕಡೆ ನಡೆದರು.

ಐವತ್ತಾರು ವಯಸ್ಸಿನ ಮಾಮನಿಗೆ ಮೈ ಉರಿಯಿತು. ಕ್ಲಾಸಂತೆ! ಬಾತ್‌ರೂಮಂತೆ!

"ಮೊದಲ ಸಲನಾ ಸರ್?"

"ನಾವು," ಎಂದ ಮಾಮ ಎದೆಯುಬ್ಬಿಸಿ, "ಇಪ್ಪತ್ತೆರಡು ವರ್ಷದಿಂದ ತಪ್ಪದೆ ಬರ್ತಾ ಇದ್ದೀವಿ."

ಸುಳ್ಳಲ್ಲ. 'ನಾವು' ಎಂದರೆ ನಮ್ಮ ಚರ್ಚು ಎಂದು ಅವನ ಲೆಕ್ಕ. ಆದರೆ ದೊಡ್ಡವರು ತಮ್ಮನ್ನು ತಾವೇ 'ನಾವು' ಎಂದುಕೊಳ್ಳುವುದೂ ಉಂಟಲ್ಲ. ಹುಡುಗಿ ಹಾಗೆ ತಿಳಿದಳು. ಕಂಪ್ಯೂಟರ್ ಕೂಡ ಆ ಚರ್ಚಿನ ಎದುರು ಇಪ್ಪತ್ತೆರಡು ಟಿಕ್ ತೋರಿಸಿತು. ಅವಳು ಎದ್ದು ನಿಂತು, ಹಳದಿಯ ಬದಲು ಅಂಗೈ ಅಗಲದ ನೇರಳೆ ಪಟ್ಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಅವನ ಹೆಗಲ ಮೇಲಿಂದ ಇಳಿಬಿಟ್ಟಳು. ಅದರ ಮೇಲೆ 'ಹಿರಿಯ ಪ್ರತಿನಿಧಿ' ಎಂದು ಬರೆದಿತ್ತು.

ಈಗ ತಪ್ಪು ಸರಿಪಡಿಸಬಹುದಿತ್ತು. ಆದರೆ ಆ ಪಟ್ಟಿ ಮಾಮನ ಕಂದು ಕೋಟಿಗೆ ಎಷ್ಟು ಚೆನ್ನಾಗಿ ಒಪ್ಪಿತ್ತೆಂದರೆ, ಗಾಜಿನ ಬಾಗಿಲಲ್ಲಿ ಒಮ್ಮೆ ನೋಡಿಕೊಂಡವನು ಇನ್ನೊಮ್ಮೆ ನೋಡಿಕೊಳ್ಳಲು ಹಿಂದೆ ಬಂದ.

ಒಳಗೆ ಕಾಲಿಟ್ಟು ಐದು ನಿಮಿಷವಾಗಿರಲಿಲ್ಲ, ಬೆಳ್ಳಿ ಕೂದಲ ವಕೀಲರೊಬ್ಬರು ಓಡಿಬಂದು ಅವನ ಕೈ ಹಿಡಿದರು. ಅವರು ನಿಯಮಾವಳಿ ಸಮಿತಿಯ ಮುಖ್ಯಸ್ಥರು. ಚರ್ಚೆಯಲ್ಲಿ ತಕರಾರು ಎದ್ದಾಗ ಯಾವುದು ಸರಿ, ಯಾವುದು ತಪ್ಪು ಎಂದು ಹೇಳುವ ಐದು ಜನರ ಸಮಿತಿ ಅದು.

"ಬನ್ನಿ ಬನ್ನಿ. ನಮ್ಮಲ್ಲೊಬ್ಬರಿಗೆ ಜ್ವರ. ಖಾಲಿ ಕುರ್ಚಿಗೆ ಹಾಜರಿದ್ದವರಲ್ಲಿ ಎಲ್ಲರಿಗಿಂತ ಹಿರಿಯರನ್ನ ಕೂರಿಸಬೇಕು ಅಂತ ನಿಯಮ. ನಿಮ್ಮಷ್ಟು ಹಳಬರು ಇಲ್ಲಿ ಇನ್ನಿಬ್ಬರೇ. ಒಬ್ಬರಿಗೆ ಕಿವಿ ಕೇಳಲ್ಲ, ಇನ್ನೊಬ್ಬರು ಆಗಲೇ ನಿದ್ದೆ ಹೋಗಿದ್ದಾರೆ."

"ಎಲ್ಲಿ ಕೂರಬೇಕು?"

"ವೇದಿಕೆ ಮೇಲೆ. ಅಧ್ಯಕ್ಷರ ಪಕ್ಕ."

ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ಮೈಕು, ಅದೂ ಒಬ್ಬೊಬ್ಬರಿಗೆ ಒಂದೊಂದು. ಮಾತಾಡುವುದಕ್ಕೆಂದೇ ಬಂದವನಿಗೆ ಇನ್ನೇನು ಬೇಕು? ದೇವರು ಕೊಟ್ಟರೆ ಹೀಗೆ ಕೊಡಬೇಕು ಎಂದುಕೊಂಡು ಮಾಮ ಹತ್ತಿ ಕುಳಿತ.

ಬೆಳಗಿನ ಕಲಾಪ ಶುರುವಾದ ಹತ್ತು ನಿಮಿಷಕ್ಕೆ ಮೊದಲ ತೊಡಕು ಬಂತು. ಒಂದು ನಿರ್ಣಯ, ಅದಕ್ಕೊಬ್ಬರ ತಿದ್ದುಪಡಿ, ಆ ತಿದ್ದುಪಡಿಗೆ ಇನ್ನೊಬ್ಬರ ತಿದ್ದುಪಡಿ. ಯಾವುದನ್ನು ಮೊದಲು ಮತಕ್ಕೆ ಹಾಕಬೇಕು? ಕೂಗಾಟವೆದ್ದಿತು. ಸಮಿತಿಯವರು ತಲೆ ತಲೆ ಸೇರಿಸಿದರು. ವಕೀಲರು ಮಾಮನ ಕಡೆ ತಿರುಗಿ, "ತಮ್ಮ ಅನುಭವ ಏನು ಹೇಳುತ್ತೆ?" ಎಂದರು.

ಮಾಮನ ಅನುಭವಕ್ಕೆ ಗೊತ್ತಿದ್ದದ್ದು ಒಂದೇ. "ದಾರ ಗಂಟಾದ್ರೆ ಕೊನೇಲಿ ಸಿಕ್ಕಿಕೊಂಡ ಎಳೆಯನ್ನ ಮೊದಲು ಬಿಡಿಸ್ಬೇಕು. ಆಮೇಲೆ ಅದರ ಕೆಳಗಿಂದು. ಮೊದಲಿಂದನ್ನೇ ಎಳೆಯೋಕೆ ಹೋದ್ರೆ ಹರಿಯುತ್ತೆ."

ವಕೀಲರು ಕನ್ನಡಕ ತೆಗೆದರು. "ಭೇಷ್! ತಿದ್ದುಪಡಿಯ ತಿದ್ದುಪಡಿಗೆ ಮೊದಲ ಮತ. ನಾಲ್ಕು ಪುಟದ ನಿಯಮವನ್ನ ಎಷ್ಟು ಚಿಕ್ಕದಾಗಿ ಹೇಳಿಬಿಟ್ರಿ!"

ಅರ್ಧ ಗಂಟೆಯ ನಂತರ ಒಬ್ಬರು ಮಾತಾಡುತ್ತಿರುವಾಗಲೇ ಇನ್ನೊಬ್ಬರು ಎದ್ದು ಚರ್ಚೆ ನಿಲ್ಲಿಸಿ ಎಂದರು. ಹಾಗೆ ಕೇಳಬಹುದೇ? ವಕೀಲರು ಈ ಸಲ ನೇರವಾಗಿ ಮಾಮನನ್ನೇ ನೋಡಿದರು.

"ಸೂಜಿ ಬಟ್ಟೆಯೊಳಗೆ ಇರೋವಾಗ ಬಟ್ಟೆ ಎಳೀಬಾರದು," ಎಂದ ಮಾಮ.

ಸಭಾಂಗಣ ಚಪ್ಪಾಳೆ ತಟ್ಟಿತು. ಮಧ್ಯಾಹ್ನದ ಊಟದ ಸಾಲಿನಲ್ಲಿ ಮಾಮನ ಹಿಂದೆ ಹದಿನೈದು ಜನ, ಊಟಕ್ಕಲ್ಲ, ಸಲಹೆಗೆ. ಒಬ್ಬ ಯುವ ಸಭಾಪಾಲಕರು ನೋಟ್‌ಬುಕ್ಕಿನಲ್ಲಿ ಸೂಜಿಯ ಮಾತನ್ನು ಬರೆದುಕೊಂಡು, "ಇದು ಯಾವ ಪ್ರವಾದಿಯ ಪುಸ್ತಕದಲ್ಲಿದೆ?" ಎಂದು ಕೇಳಿದರು. ಮಾಮ ಬಾಯಿಗೆ ರೊಟ್ಟಿ ತುಂಬಿಕೊಂಡು ಆಕಾಶ ತೋರಿಸಿದ.

ಆಗ ಫೋನು ಬಂತು. ಹೆಂಡತಿ.

"ರೀ, ನಾವೆಲ್ಲ ಟೀಚರ್ ಮನೇಲಿ ಟೀವಿ ಮುಂದೆ ಕೂತಿದ್ದೀವಿ. ನೇರ ಪ್ರಸಾರ ಬರ್ತಿದೆ. ನೀವು ಸ್ಟೇಜ್ ಮೇಲೆ ಯಾಕೆ ಕೂತಿದ್ದೀರಿ?"

"ನನ್ನ ಯೋಗ್ಯತೆ ಗುರುತಿಸಿದ್ದಾರೆ ಕಣೆ."

"ಯಾರ ಯೋಗ್ಯತೆ? ಇರಿ, ಟೀಚರಿಗೆ ಕೊಡ್ತೀನಿ."

"ಲೋ ದಡ್ಡ!" ಎಂಬ ಧ್ವನಿ ಮಂಚದಿಂದ ನೇರವಾಗಿ ಅವನ ಕಿವಿಗೆ ಬಂತು. "ನಿಯಮಾವಳಿ ಸಮಿತೀಲಿ ಕೂತವರು ಯಾವ ನಿರ್ಣಯದ ಮೇಲೂ ಮಾತಾಡೋ ಹಾಗಿಲ್ಲ! ಆರನೇ ನಿಯಮ! ಮೊದಲು ಅಲ್ಲಿಂದ ಇಳಿ!"

ಮಾಮ ಉಳಿದ ರೊಟ್ಟಿಯನ್ನು ಹಿಂದಿದ್ದವರ ತಟ್ಟೆಗೆ ಹಾಕಿ ವಕೀಲರನ್ನು ಹುಡುಕಲು ಹೊರಟ.

ಹತ್ತೊಂಬತ್ತನೇ ನಿರ್ಣಯ ಬರುವುದು ಮೂರು ಗಂಟೆಗೆ. ಮಾಮ ಎರಡು ಗಂಟೆಗೇ ವಕೀಲರನ್ನು ಹಿಡಿದ. "ಸ್ವಾಮಿ, ನನ್ನನ್ನ ಬಿಟ್ಟುಬಿಡಿ. ನಾನು ಈ ಕುರ್ಚಿಗೆ ಲಾಯಕ್ಕಿಲ್ಲ."

ವಕೀಲರ ಕಣ್ಣು ತೇವವಾಯಿತು. ಉಳಿದ ಮೂವರನ್ನು ಕರೆದು, "ಕೇಳಿದ್ರಾ? ಇಪ್ಪತ್ತೆರಡು ವರ್ಷದ ಸೇವೆ ಮಾಡಿದವರು ಹೇಳೋ ಮಾತು ನೋಡಿ!" ಎಂದರು. ರಾಜೀನಾಮೆಯನ್ನು ಸಮಿತಿ ಒಪ್ಪಬೇಕಿತ್ತು. ಸಮಿತಿ ಒಮ್ಮತದಿಂದ ತಿರಸ್ಕರಿಸಿ, ಮಾಮನ ನಮ್ರತೆಯನ್ನು ಮೆಚ್ಚಿ ಒಂದು ಠರಾವು ಬರೆಯಿತು.

ಎರಡೂವರೆಗೆ ಮಾಮ ನೇರಳೆ ಪಟ್ಟಿ ತೆಗೆದು ಜೇಬಿಗೆ ತುರುಕಿ, ಹಿಂಬಾಗಿಲಿಂದ ಇಳಿದು, ಸಭಾಂಗಣದ ನಡುವಿನ ಮೈಕಿನ ಹಿಂದೆ ನಿಂತಿದ್ದ ಸಾಲಿನಲ್ಲಿ ಸೇರಿಕೊಂಡ. ಅವನ ಮುಂದೆ ಏಳು ಜನ. ಐದಾದರು, ಮೂರಾದರು. ಅಷ್ಟರಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡ ಸ್ವಯಂಸೇವಕನೊಬ್ಬ ಮಾಮನ ಮೊಣಕೈ ಹಿಡಿದ.

"ಅಯ್ಯೋ, ಹಿರಿಯರು ದಾರಿ ತಪ್ಪಿದ್ದೀರಿ. ನಿಮ್ಮ ಜಾಗ ಮೇಲೆ."

"ಇಲ್ಲಪ್ಪ, ನಾನು ಇಲ್ಲೇ..."

"ಸೆಕೆಗೆ ಹೀಗಾಗುತ್ತೆ. ನಮ್ಮ ತಾತನಿಗೂ ಆಗುತ್ತೆ." ಅವನು ಒಂದು ಲೋಟ ನೀರು ಕುಡಿಸಿ, ಮೆಟ್ಟಿಲು ಹತ್ತಿಸಿ, ಕುರ್ಚಿಯಲ್ಲಿ ಕೂರಿಸಿ, ಬೀಳದ ಹಾಗೆ ಮೇಜನ್ನು ಹೊಟ್ಟೆಯ ತನಕ ತಳ್ಳಿಟ್ಟು ಹೋದ.

ಮೂರು ಗಂಟೆ. ಅಧ್ಯಕ್ಷರು ಹತ್ತೊಂಬತ್ತನೇ ನಿರ್ಣಯ ಓದಿದರು. ಅವರು ತೆಳ್ಳಗಿನ, ಗಟ್ಟಿ ದನಿಯ ಹೆಂಗಸು; ಬೆಳಗಿನಿಂದ ಒಮ್ಮೆಯೂ ನಗದವರು. ಪರವಾಗಿ ನಾಲ್ವರು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಒಬ್ಬ ಸಭಾಪಾಲಕರಂತೂ ಭಾನುವಾರಕ್ಕೆ ಐದು ಚರ್ಚು ಸುತ್ತಿ ಸುತ್ತಿ ಆರೋಗ್ಯ ಕೆಡಿಸಿಕೊಂಡಿದ್ದನ್ನು ಹೇಳಿದಾಗ ಮಾಮನಿಗೇ ಅಯ್ಯೋ ಪಾಪ ಎನಿಸಿತು. ವಿರೋಧವಾಗಿ ಇಬ್ಬರು ಎದ್ದರು. ಒಬ್ಬರ ಮೈಕು ಕೆಟ್ಟಿತು, ಇನ್ನೊಬ್ಬರು ಬೇರೆ ನಿರ್ಣಯದ ಭಾಷಣ ಓದಿದರು.

"ಇನ್ನು ಯಾರೂ ಇಲ್ಲದಿದ್ದರೆ ಮತಕ್ಕೆ ಹಾಕುತ್ತೇನೆ," ಎಂದರು ಅಧ್ಯಕ್ಷರು.

ಮಾಮ ಮೇಜನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳಿ ಎದ್ದು ನಿಂತ. ವಕೀಲರ ನೀರಿನ ಲೋಟ ಉರುಳಿ ನಾಲ್ಕು ಪ್ರತಿ ನಿಯಮಾವಳಿ ಒದ್ದೆಯಾಯಿತು.

"ಅಮ್ಮಾ, ನಾನು ಮಾತಾಡಬೇಕು."

"ನೀವು ಸಮಿತಿಯವರು. ಮಾತಾಡುವ ಹಾಗಿಲ್ಲ."

"ನಾನು ಸಮಿತಿಯವನಲ್ಲ. ನಾನು ಹಿರಿಯನೂ ಅಲ್ಲ. ಇಪ್ಪತ್ತೆರಡು ವರ್ಷ ಬಂದಿದ್ದು ನಮ್ಮ ಟೀಚರು. ನಾನು ಇವತ್ತು ಬೆಳಿಗ್ಗೆ ಬಂದೆ. ಹಳದಿ ರಿಬ್ಬನ್ ಹಾಕಿಕೊಳ್ಳೋಕೆ ನಾಚಿಕೆಯಾಗಿ ಮಾತು ತಿರುಚಿ ಹೇಳಿದೆ. ನಾನು ಹೊಲಿಗೆ ಮಷೀನು ರಿಪೇರಿ ಮಾಡೋನು!"

ಸಾವಿರದ ಇನ್ನೂರು ಜನ ಒಟ್ಟಿಗೆ ಉಸಿರೆಳೆದುಕೊಂಡರೆ ಆಗುವ ಸದ್ದನ್ನು ಮಾಮ ಮೊದಲ ಸಲ ಕೇಳಿದ. ಸೂಜಿಯ ಮಾತು ಬರೆದುಕೊಂಡಿದ್ದ ಯುವ ಸಭಾಪಾಲಕರು ನೋಟ್‌ಬುಕ್ ತೆರೆದು ಆ ಪುಟವನ್ನು ಮತ್ತೊಮ್ಮೆ ಓದಿಕೊಂಡರು.

ಅಧ್ಯಕ್ಷರು ಅಲುಗಲಿಲ್ಲ. "ತಪ್ಪು ತಿಳಿವಳಿಕೆಯಿಂದ ಸಿಕ್ಕ ಕುರ್ಚಿ ಕುರ್ಚಿ ಹೌದೋ ಅಲ್ಲವೋ? ಸಮಿತಿ ತೀರ್ಪು ಹೇಳಲಿ."

ಸಮಿತಿ ತಲೆ ಸೇರಿಸಿತು. ವಕೀಲರು ಬೆವರು ಒರೆಸಿಕೊಳ್ಳುತ್ತ ಎದ್ದರು. "ಅಧ್ಯಕ್ಷರೇ, ಇಬ್ಬರು ಹೌದು ಅಂತಾರೆ, ಇಬ್ಬರು ಅಲ್ಲ ಅಂತಾರೆ. ಐದನೇ ಮತ..." ಎಂದು ಮಾಮನ ಕಡೆ ನೋಡಿದರು. "ಐದನೇ ಮತ ಇವರದು."

ಸಭಾಂಗಣದಲ್ಲಿ ಯಾರೋ ಕಿಸಕ್ಕೆಂದರು. ಮಾಮ ನಗಲಿಲ್ಲ. ತನ್ನ ಕೇಸಿಗೆ ತಾನೇ ನ್ಯಾಯಾಧೀಶನಾದವನ ಗಾಂಭೀರ್ಯದಿಂದ ಹೇಳಿದ: "ದಾರ ಹಾಕದೆ ಎಷ್ಟು ತುಳಿದರೂ ಹೊಲಿಗೆ ಬೀಳಲ್ಲ. ಸದ್ದು ಮಾತ್ರ ಬರುತ್ತೆ. ನಾನು ಈ ಕುರ್ಚೀಲಿ ಕೂತಿರಲೇ ಇಲ್ಲ."

"ಹಾಗಾದ್ರೆ," ಎಂದು ಹಿಂದಿನ ಸಾಲಿನಿಂದ ಒಂದು ಚೂಪು ದನಿ ಎದ್ದಿತು, "ಬೆಳಿಗ್ಗೆ ಇವರು ಹೇಳಿದ ಹಾಗೆ ಮತ ಹಾಕಿದ ಹದಿನಾಲ್ಕು ನಿರ್ಣಯ ಏನಾಯ್ತು? ಅವಕ್ಕೂ ಹೊಲಿಗೆ ಬೀಳಲಿಲ್ವಾ?"

ಆಗ ಎದ್ದ ಗಲಾಟೆ ಹೇಳತೀರದು. ಹದಿನಾಲ್ಕನ್ನೂ ಮತ್ತೆ ಮೊದಲಿಂದ ಶುರು ಮಾಡಬೇಕೆಂದರೆ ಇನ್ನೂ ಒಂದು ದಿನ. ಕಿವಿ ಕೇಳದ ಹಿರಿಯರು ಸಮ್ಮೇಳನ ಮುಗಿಯಿತೆಂದು ತಿಳಿದು ಎಲ್ಲರ ಕೈ ಕುಲುಕತೊಡಗಿದರು. ಕೊನೆಗೆ ವಕೀಲರೇ ಮೇಜು ಗುದ್ದಿ, "ಹೇಳಿದವರು ಯಾರೇ ಆಗಲಿ, ಹೇಳಿದ್ದು ನಿಯಮಕ್ಕೆ ಸರಿಯಾಗಿತ್ತು! ಒಂದೊಂದಕ್ಕೂ ಪುಟ ತೋರಿಸ್ತೀನಿ!" ಎಂದು ಕೂಗಿ ಒದ್ದೆ ಪುಸ್ತಕ ಎತ್ತಿ ಹಿಡಿದರು. ಅದರಿಂದ ನೀರು ತೊಟ್ಟಿಕ್ಕಿತು. ಜನ ಕುಳಿತರು.

"ಎರಡು ನಿಮಿಷ," ಎಂದರು ಅಧ್ಯಕ್ಷರು ಮಾಮನಿಗೆ. "ಕೆಳಗಿನ ಮೈಕಿನಲ್ಲಿ. ಹಳದಿ ರಿಬ್ಬನ್ ಹಾಕಿಕೊಂಡು."

ನೋಂದಣಿಯ ಹುಡುಗಿಯೇ ಓಡಿಬಂದು ಚುಚ್ಚಿದಳು. ಸಿಟ್ಟಿಗೋ ಗಡಿಬಿಡಿಗೋ, ಪಿನ್ನು ಸ್ವಲ್ಪ ಆಳಕ್ಕೇ ಇಳಿಯಿತು. ಮಾಮ ಮೆಟ್ಟಿಲಿಳಿದು ಸಾಲುಗಳ ನಡುವೆ ನಡೆದ. ಮೈಕು ತಲುಪಿ ಗಂಟಲು ಸರಿಮಾಡಿಕೊಂಡ. ಎದುರಿಗೆ ಹಸಿರು ದೀಪ ಹತ್ತಿತು.

"ಮಾನ್ಯ ಅಧ್ಯಕ್ಷರೇ, ಅಲ್ಪ ಸಂಖ್ಯೆಯೆಂಬುದು ಅಲ್ಪತನವಲ್ಲ." ಕೋಟಿನ ಜೇಬಿಗೆ ಕೈ ಹಾಕಿದ. ನೇರಳೆ ಪಟ್ಟಿ ಬಂತು, ಕರವಸ್ತ್ರ ಬಂತು, ದಾರ ಸುತ್ತಿದ ಒಂದು ಬಾಬಿನ್ ಬಂತು. "ಮುಂದಿಂದು ಬರೆದಿದ್ದ ಹಾಳೆ ಮೇಲೆ ಮೇಜಿನ ಮೇಲಿದೆ. ಈಗಾಗಲೇ ನೆನೆದಿರುತ್ತೆ."

ನಗು ಅಲೆಯಂತೆ ಎದ್ದಿತು. ಅದು ಇಳಿಯುವ ತನಕ ಕಾಯಲು ಪುರುಸೊತ್ತಿರಲಿಲ್ಲ.

"ನಮ್ಮ ಟೀಚರು ಒಂಟಿ ಜೀವ. ಒಂದು ಶನಿವಾರ ಸಾಯಂಕಾಲ ಬಚ್ಚಲಲ್ಲಿ ಜಾರಿಬಿದ್ರು. ಸೊಂಟದ ಮೂಳೆ ಮುರೀತು. ಫೋನು ಹೊರಗಿನ ಕೋಣೇಲಿ. ಕೂಗಿದ್ರೆ ಕೇಳೋರಿಲ್ಲ. ನಾವು ಭಾನುವಾರ ಬೆಳಿಗ್ಗೆ ಚರ್ಚಲ್ಲಿ ಮೊದಲನೇ ಹಾಡು ಹಾಡಿದ್ವಿ. ಎರಡನೇ ಹಾಡಿನ ಹೊತ್ತಿಗೆ ಮೂರನೇ ಸಾಲಿನ ಕಿಟಕಿ ಪಕ್ಕದ ಕುರ್ಚಿ ಖಾಲಿ ಇರೋದು ಕಣ್ಣಿಗೆ ಬಿತ್ತು. ಒಬ್ಬರಿಗಲ್ಲ, ಎಲ್ಲರಿಗೂ. ಯಾರೂ ನಿಲ್ಲಿಸಿ ಅನ್ನಲಿಲ್ಲ, ಹಾಡು ತಾನೇ ನಿಂತೋಯ್ತು. ಹೋಗಿ ಬಾಗಿಲು ಒಡೆದ್ವಿ."

ದೀಪ ಹಳದಿಯಾಯಿತು.

"ಇನ್ನೊಂದು ದಿನ ತಡವಾಗಿದ್ರೆ ಉಳೀತಿರಲಿಲ್ಲ ಅಂದ್ರು ಡಾಕ್ಟರು. ನೀವು ನಮ್ಮನ್ನ ಸೇರಿಸ್ತೀವಿ ಅನ್ನೋ ಚರ್ಚಲ್ಲಿ ಎರಡು ಸಾವಿರ ಕುರ್ಚಿ ಇದೆ. ಅಲ್ಲಿ ಒಂದು ಖಾಲಿಯಾದ್ರೆ ಯಾರಿಗೆ ಗೊತ್ತಾಗುತ್ತೆ? ನಿಮ್ಮ ತಪ್ಪಲ್ಲ, ಎಣಿಸೋಕಾಗಲ್ಲ. ನಮಗಾಗುತ್ತೆ. ನಾವೇನು ದೊಡ್ಡ ಕೆಲಸ ಮಾಡಲ್ಲ. ಸಭಾಪಾಲಕರು ತಿಂಗಳಿಗೆ ಒಂದೇ ಸಲ ಬರ್ಲಿ, ನಾವೇ ಹಾಡ್ಕೊಂಡಿರ್ತೀವಿ. ಬಾಗಿಲು ಮಾತ್ರ ಮುಚ್ಚಬೇಡಿ."

ಕೆಂಪು ದೀಪ ಹತ್ತುವುದಕ್ಕೆ ಇನ್ನೂ ಎಂಟು ಸೆಕೆಂಡಿತ್ತು. ಮಾಮ ಜೀವಮಾನದಲ್ಲಿ ಮೊದಲ ಸಲ ಸಿಕ್ಕ ಸಮಯ ಉಳಿಸಿ ಬಾಯಿ ಮುಚ್ಚಿದ.

ಮತವನ್ನು ಎರಡು ಸಲ ಎಣಿಸಿದರು. ಹತ್ತೊಂಬತ್ತನೇ ನಿರ್ಣಯ ಬೀಳಲಿಲ್ಲ, ಪಾಸೂ ಆಗಲಿಲ್ಲ. ಒಂದು ವರ್ಷ ಮುಂದಕ್ಕೆ ಹೋಯಿತು. ಅಷ್ಟರೊಳಗೆ ನಿರ್ಣಯ ತಂದವರು ಪ್ರತಿಯೊಂದು ಚಿಕ್ಕ ಚರ್ಚಿಗೂ ಹೋಗಿ ಒಂದು ಭಾನುವಾರ ಕೂತು ಬರಬೇಕೆಂದು ಸೇರಿಸಲಾಯಿತು. ಐದು ಚರ್ಚು ಸುತ್ತುವ ಸಭಾಪಾಲಕರು ಹೊರಗೆ ಮಾಮನ ಹತ್ತಿರ ಬಂದು, "ನಿಮ್ಮಲ್ಲಿಗೆ ನಾನೇ ಬರ್ತೀನಿ. ಕೂತು ಹಾಡು ಕೇಳಿ ಎಷ್ಟು ಕಾಲವಾಯ್ತು," ಎಂದರು.

ಮರುದಿನ ಬೆಳಿಗ್ಗೆ ಮಾಮ ಬಸ್ಸಿಳಿದಾಗ ಹೆಂಡತಿ ನಿಂತಿದ್ದಳು. "ಇಪ್ಪತ್ತೆರಡು ವರ್ಷ ನನಗೆ ಹೇಳದೆ ಹೋಗ್ತಿದ್ರಂತಲ್ಲ!" ಎಂದಳು. ಆದರೆ ಚೀಲವನ್ನು ಅವನ ಕೈಯಿಂದ ತಾನೇ ಇಸಿದುಕೊಂಡಳು. ಮದುವೆಯಾದ ಮೇಲೆ ಇದು ಎರಡನೇ ಸಲ.

ಟೀಚರ್ ಮನೆಯಲ್ಲಿ ಆಗಲೇ ಚರ್ಚಿನ ಅರ್ಧ ಜನ ಸೇರಿದ್ದರು. ಟೀಚರ್ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಮಾಮ ಮಂಚದ ಪಕ್ಕ ಕೈಕಟ್ಟಿ ನಿಂತ. ಹನ್ನೊಂದು ವಾಕ್ಯದಲ್ಲಿ ಒಂದನ್ನೇ ಹೇಳಿದ್ದಕ್ಕೆ, ಬಚ್ಚಲಲ್ಲಿ ಬಿದ್ದದ್ದನ್ನು ಇಡೀ ದೇಶಕ್ಕೆ ಸಾರಿದ್ದಕ್ಕೆ, ಏನೇನು ಬರಲಿದೆಯೋ ಎಂದು ತಲೆ ತಗ್ಗಿಸಿದ.

"ಮೈಕಿನ ಹತ್ರ ಹೋಗೋವಾಗ ಕಾಲು ನಡುಗ್ತಾ?" ಎಂದರು ಟೀಚರ್.

"ನಡುಗ್ತು ಟೀಚರ್."

"ಮತ್ತೆ ಹೇಗೆ ಹೋದೆ?"

"ನಿಂತಿದ್ರೆ ಬಿದ್ದೇ ಹೋಗ್ತಿದ್ದೆ. ಅದಕ್ಕೆ ನಡೆದುಬಿಟ್ಟೆ."

ಟೀಚರ್ ಬಹಳ ಹೊತ್ತು ಹೊದಿಕೆಯ ಅಂಚನ್ನು ಮಡಚಿದರು, ಬಿಡಿಸಿದರು. ಅವರು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಮಾಮ ಎಂದೂ ಕೇಳಿರಲಿಲ್ಲ.

"ಇಪ್ಪತ್ತೆರಡು ವರ್ಷ ಹೋಗಿದ್ದೀನಿ ಕಣೋ. ಪ್ರತಿ ವರ್ಷ ಭಾಷಣ ಬರ್ಕೊಂಡು ಹೋಗ್ತಿದ್ದೆ. ಗಡಿಯಾರ ಇಟ್ಕೊಂಡು ಅಭ್ಯಾಸ ಮಾಡ್ಕೊಂಡು ಹೋಗ್ತಿದ್ದೆ. ಒಂದು ಸಲನೂ ಕುರ್ಚಿಯಿಂದ ಎದ್ದಿಲ್ಲ. ಹಾಗೇ ಮಡಚಿ ವಾಪಸ್ ತರ್ತಿದ್ದೆ."

ಮಾಮ ಕಟ್ಟಿದ್ದ ಕೈ ಬಿಟ್ಟ. "ಮುಂದಿನ ವರ್ಷ ಇಬ್ಬರೂ ಹೋಗೋಣ ಟೀಚರ್. ನಾನು ಮುಂದೆ ನಡೀತೀನಿ. ನೀವು ನನ್ನ ಕೋಟು ಹಿಡ್ಕೊಳ್ಳಿ," ಎಂದ.

ಟೀಚರ್ ಮುಖ ಆ ಕಡೆ ತಿರುಗಿಸಿಕೊಂಡು, "ಬಾಗಿಲು ತೆಗಿ," ಎಂದರು.

ತೆಗೆದ. ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದ ಸಭಾಪಾಲಕರು ಮೊದಲು ಒಳಗೆ ಬಿದ್ದರು. ಅವರ ಮೇಲೆ ಪೋಸ್ಟ್‌ಮ್ಯಾನ್, ಪೋಸ್ಟ್‌ಮ್ಯಾನ್ ಮೇಲೆ ಮಾಮನ ಹೆಂಡತಿ, ಅವಳ ಹಿಂದೆ ಉಳಿದವರೆಲ್ಲ. ಒಬ್ಬಿಬ್ಬರ ಕಣ್ಣು ಒದ್ದೆಯಾಗಿತ್ತು.

"ಏನಾದ್ರೂ ಕೇಳಿಸ್ತಾ?" ಎಂದು ಟೀಚರ್ ಹಳೆಯ ದನಿಯಲ್ಲಿ ಗದರಿದರು.

"ಇಲ್ಲ, ಟೀಚರ್," ಎಂದರು ಎಲ್ಲರೂ, ಒಂದೇ ರಾಗದಲ್ಲಿ.